ಗಡ್ಡೆ ಅಂದರೆ ಗೆಣಸಲ್ಲ

ಹೋದ ತಿಂಗಳು ತಲೆನೋವಿನ ಬಗ್ಗೆ ಬರೆದಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಮೆದುಳಿನ ಗಡ್ಡೆಯ ರಿಪೋರ್ಟು ಅರ್ಥವಾಗದೆ ಯಾರಾದರೂ ಒದ್ದಾಡುತ್ತಿದ್ದರೆ ಬರೆಯಿರಿ ಅಂತ. ಬಂದ ಪತ್ರಗಳ ರಾಶಿ ನೋಡಿ ನನಗೇ ಗಾಬರಿಯಾಯಿತು. ಹೆಚ್ಚಿನವರು ರಿಪೋರ್ಟಿನ ಫೋಟೊ ತೆಗೆದು ಕಳಿಸಿದ್ದಾರೆ, ಒಂದೋ ಎರಡೋ ಪದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಆಪರೇಷನ್ ಮಾಡುವವಳಲ್ಲ. ಪೆಥಾಲಜಿಸ್ಟ್. ಸರ್ಜನ್ ತೆಗೆದು ಕಳಿಸಿದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಅದಕ್ಕೆ ಹೆಸರಿಡುವ ಕೆಲಸ ನನ್ನದು. 31 ವರ್ಷ ಅದನ್ನೇ ಮಾಡಿದೆ. ನೀವು ಸುತ್ತು ಹಾಕಿದ ಪದಗಳಲ್ಲಿ ಅರ್ಧದಷ್ಟು ನನ್ನಂಥವರೇ ಬರೆದದ್ದು. ಹಾಗಾಗಿ ಪದಗಳಿಗೆ ಉತ್ತರ ಕೊಡುತ್ತೇನೆ. ಚಿಕಿತ್ಸೆಯನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ತೋಟದಲ್ಲಿ ಪೈಪ್ ಎಳೆಯುವಾಗ ಫಿಟ್ಸ್ ಬಂತು. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಐಸಿಎಸ್ಒಎಲ್’ ಅಂತ ಬರೆದು ಮುಂದೆ ಮೂರು ಹೆಸರು ಹಾಕಿದ್ದಾರೆ. ಟ್ಯೂಬರ್‌ಕುಲೋಮಾ, ಎನ್‌ಸಿಸಿ, ಗ್ಲಯೋಮಾ. ಮೂರಕ್ಕೂ ಪ್ರಶ್ನಾರ್ಥಕ ಚಿಹ್ನೆ. ಊರಲ್ಲಿ ಆಗಲೇ ಕ್ಯಾನ್ಸರ್ ಅಂತ ಸುದ್ದಿ. ಹೌದಾ ಮೇಡಂ?
– ಒಬ್ಬ ಅಕ್ಕ, ಹೊಸದುರ್ಗ

ಊರಿನವರು ರಿಪೋರ್ಟಿಗಿಂತ ಮುಂದೆ ಓಡಿದ್ದಾರೆ. ರಿಪೋರ್ಟು ಇನ್ನೂ ಅಷ್ಟು ದೂರ ಹೋಗಿಲ್ಲ.

ಆ ಐದಕ್ಷರದ ಅರ್ಥ ಇಷ್ಟೇ: ತಲೆಬುರುಡೆಯೊಳಗೆ ಏನೋ ಒಂದು ಜಾಗ ಹಿಡಿದಿದೆ. ಬಸ್ಸಿನ ಸೀಟಿನ ಮೇಲೆ ಯಾರೋ ಟವೆಲ್ ಹಾಕಿ ಇಳಿದುಹೋಗಿರುತ್ತಾರಲ್ವಾ, ಹಾಗೆ. ಸೀಟು ಹೋಗಿದೆ ಅಂತ ಗೊತ್ತು, ಯಾರದು ಅಂತ ಗೊತ್ತಿಲ್ಲ. ಸ್ಕ್ಯಾನ್ ನೋಡಿದ ರೇಡಿಯಾಲಜಿಸ್ಟ್ ಮೂರು ಹೆಸರು ಊಹಿಸಿದ್ದಾರೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದು ಅವರ ಪ್ರಾಮಾಣಿಕತೆ.

ಮೂರರಲ್ಲಿ ಗ್ಲಯೋಮಾ ಮಾತ್ರ ಮೆದುಳಿನಲ್ಲೇ ಹುಟ್ಟುವ ಗಡ್ಡೆ. ಉಳಿದ ಎರಡು ಗಡ್ಡೆಯೂ ಅಲ್ಲ, ಕ್ಯಾನ್ಸರೂ ಅಲ್ಲ. ಟ್ಯೂಬರ್‌ಕುಲೋಮಾ ಅಂದರೆ ಕ್ಷಯದ ಗಂಟು. ಎನ್‌ಸಿಸಿ ಅಂದರೆ ನ್ಯೂರೋಸಿಸ್ಟಿಸರ್ಕೋಸಿಸ್, ಲಾಡಿಹುಳುವಿನ ಮರಿ ಮೆದುಳಿನಲ್ಲಿ ಬಂದು ಕೂತಿರೋದು. ನಮ್ಮ ದೇಶದಲ್ಲಿ ಹರೆಯದವರಿಗೆ ಮೊದಲ ಸಲ ಫಿಟ್ಸ್ ಬಂದು, ಸ್ಕ್ಯಾನಿನಲ್ಲಿ ಉಂಗುರದ ಹಾಗೆ ಹೊಳೆಯುವ ಒಂದು ಸಣ್ಣ ಚುಕ್ಕೆ ಕಂಡರೆ ಡಾಕ್ಟರು ಮೊದಲು ಯೋಚಿಸೋದೇ ಈ ಎರಡನ್ನು. “ನಾವು ಸಸ್ಯಾಹಾರಿಗಳು, ಹಂದಿ ಹುಳ ಹೇಗೆ ಬರುತ್ತೆ?” ಅಂತ ಜಗಳಕ್ಕೇ ಬಂದವರನ್ನು ನೋಡಿದ್ದೇನೆ. ಸರಿಯಾಗಿ ಬೇಯಿಸದ ಹಂದಿ ಮಾಂಸದಿಂದ ಬರೋದು ಹೊಟ್ಟೆಯ ಹುಳ. ಮೆದುಳಿಗೆ ಬರೋದು ಅದರ ಮೊಟ್ಟೆಯಿಂದ. ಹೊಟ್ಟೆಯಲ್ಲಿ ಹುಳ ಇರುವ ಇನ್ಯಾರದೋ ಮಲ ಸೇರಿದ ನೀರು, ತೊಳೆಯದ ಸೊಪ್ಪು, ತೊಳೆಯದ ಕೈ, ಇಷ್ಟು ಸಾಕು. ಮಾಂಸ ಮುಟ್ಟದವರ ಮನೆಯಲ್ಲೂ ಕೊತ್ತಂಬರಿ ಸೊಪ್ಪು ಇರುತ್ತದೆ.

ಒಂದು ಎಚ್ಚರ. ಹುಳದ ಮಾತ್ರೆ ತಾನೇ ಅಂತ ಅಂಗಡಿಯಿಂದ ತಂದು ನುಂಗಿಸಬೇಡಿ. ಹುಳ ಸಾಯುವಾಗ ಸುತ್ತಲಿನ ಊತ ಜಾಸ್ತಿಯಾಗಿ ಮತ್ತೆ ಫಿಟ್ಸ್ ಬರಬಹುದು. ಫಿಟ್ಸ್ ಮಾತ್ರೆಯನ್ನಂತೂ ಒಂದು ಹೊತ್ತೂ ತಪ್ಪಿಸಬೇಡಿ. ಎಂಆರ್‌ಐ ಆಗಲಿ. ಕೆಲವು ಸಲ ಒಂದಷ್ಟು ತಿಂಗಳು ಬಿಟ್ಟು ಮಾಡುವ ಎರಡನೇ ಸ್ಕ್ಯಾನೇ ಉತ್ತರ ಹೇಳುತ್ತದೆ.

ಪ್ರಶ್ನೆ: ಅಮ್ಮನಿಗೆ 58. ಮೆನಿಂಜಿಯೋಮಾ, ಗ್ರೇಡ್ 1, ಬೆನೈನ್ ಅಂದಿದ್ದಾರೆ. ಸಾದಾ ಗಡ್ಡೆ ಅಂದಮೇಲೆ ತಲೆ ಯಾಕೆ ತೆರೆಯಬೇಕು? ಅದೇ ನಮ್ಮ ಚಿಕ್ಕಮ್ಮನಿಗೂ ಮೆನಿಂಜಿಯೋಮಾ ಇದೆ, ಅವರಿಗೆ ಸುಮ್ನೆ ಬಿಟ್ಟಿದ್ದಾರೆ.
– ಶಿರಸಿ

‘ಬೆನೈನ್’ ಅನ್ನೋ ಪದ ಹೊಟ್ಟೆಗೆ, ಚರ್ಮಕ್ಕೆ ಚೆನ್ನಾಗಿ ಹೊಂದುತ್ತದೆ. ಬೆನ್ನ ಮೇಲೆ ಕೊಬ್ಬಿನ ಗಂಟು ಇಟ್ಟುಕೊಂಡು ನೂರು ವರ್ಷ ಬದುಕಬಹುದು. ತಲೆಬುರುಡೆ ಹಾಗಲ್ಲ, ಅದು ಮುಚ್ಚಿದ ಡಬ್ಬ. ಒಳಗೆ ಮೆದುಳು, ರಕ್ತ, ಸುಮಾರು 150 ಎಂಎಲ್ ನೀರಿನಂಥ ದ್ರವ. ಮೂರೂ ಸೇರಿ ಜಾಗ ಭರ್ತಿ. ನಾಲ್ಕನೆಯದು ಬಂತೆಂದರೆ ಮೂರರಲ್ಲಿ ಯಾರಾದರೂ ಸರಿಯಲೇಬೇಕು. ಈ ಲೆಕ್ಕವನ್ನು ಮನ್ರೋ ಎಂಬ ಸ್ಕಾಟ್ಲೆಂಡಿನ ಡಾಕ್ಟರು 1783ರಲ್ಲೇ ಹೇಳಿದ್ದರು. ಬೆಳೆಯುವ ಗಡ್ಡೆ ಒಳ್ಳೆಯದೋ ಕೆಟ್ಟದ್ದೋ ಅಂತ ಡಬ್ಬಕ್ಕೆ ಗೊತ್ತಾಗಲ್ಲ.

ಮೆನಿಂಜಿಯೋಮಾ ನಿಜಕ್ಕೂ ಮೆದುಳಿನ ಗಡ್ಡೆಯೇ ಅಲ್ಲ, ಮೆದುಳಿನ ಹೊದಿಕೆಯದ್ದು. ತೆಂಗಿನಕಾಯಿ ಒಡೆದಾಗ ಕರಟಕ್ಕೂ ಕಾಯಿಗೂ ನಡುವೆ ಕಂದು ಸಿಪ್ಪೆ ಇರುತ್ತಲ್ವಾ, ಅಂಥ ಜಾಗದಿಂದ ಹುಟ್ಟಿ ಮೆದುಳನ್ನು ಹೊರಗಿನಿಂದ ಒತ್ತುತ್ತದೆ. ಹೆಂಗಸರಿಗೆ ಜಾಸ್ತಿ. ಬೆಳೆಯೋದು ನಿಧಾನ. ಮೈಕ್ರೋಸ್ಕೋಪಿನಲ್ಲಿ ಇದರಲ್ಲಿ ಎಷ್ಟೋ ಸಲ ಸುರುಳಿ ಸುರುಳಿಯಾದ ಸುಣ್ಣದ ಕಾಳು ಕಾಣುತ್ತವೆ, ಮರಳಿನ ಹಾಗೆ. ಸ್ಲೈಡಿಗಾಗಿ ಚೂರನ್ನು ಕತ್ತರಿಸುವಾಗ ಬ್ಲೇಡಿಗೆ ಕರ್‌ಕರ್ ಅಂತ ತಾಗುತ್ತದೆ. ನಮ್ಮ ಟೆಕ್ನಿಷಿಯನ್ ಆ ಸದ್ದಿನಿಂದಲೇ “ಮೆನಿಂಜಿಯೋಮಾ ಮೇಡಂ” ಅನ್ನುತ್ತಿದ್ದ. ಬಹಳ ಸಲ ಅವನು ಹೇಳಿದ್ದೇ ಸರಿಯಾಗುತ್ತಿತ್ತು.

ಚಿಕ್ಕಮ್ಮನದು ಬಹುಶಃ ಚಿಕ್ಕದು, ಬೇರೇನಕ್ಕೋ ಸ್ಕ್ಯಾನ್ ಮಾಡಿದಾಗ ಕಂಡಿದ್ದು, ತೊಂದರೆ ಕೊಡದ ಜಾಗದಲ್ಲಿರುವುದು. ಅಂಥದ್ದನ್ನು ಆಗಾಗ ಎಂಆರ್‌ಐ ಮಾಡಿ ನೋಡುತ್ತಾ ಇದ್ದರೆ ಸಾಕು. ಅಮ್ಮನದು ಎಲ್ಲಿದೆ, ಯಾವುದನ್ನು ಒತ್ತುತ್ತಿದೆ ಅಂತ ಸರ್ಜನ್ ಹತ್ತಿರ ಫಿಲಂ ಎತ್ತಿ ತೋರಿಸಿ ಹೇಳಿಸಿಕೊಳ್ಳಿ. ಗ್ರೇಡ್ 1 ಮೆನಿಂಜಿಯೋಮಾ ಆಪರೇಷನ್ನಿನಲ್ಲಿ ಪೂರ್ತಿ ಹೊರಗೆ ಬಂದರೆ ಬಹಳಷ್ಟು ಜನಕ್ಕೆ ಅಲ್ಲಿಗೇ ಮುಗಿಯುತ್ತದೆ. ಆದರೂ ಆಮೇಲೆ ಸ್ಕ್ಯಾನ್ ಬಿಡಬಾರದು.

ಪ್ರಶ್ನೆ: ನನ್ನ ಯಜಮಾನರಿಗೆ 34 ವರ್ಷ. ಬಯಾಪ್ಸಿ ರಿಪೋರ್ಟು: ‘ಆಸ್ಟ್ರೋಸೈಟೋಮಾ, ಐಡಿಎಚ್ ಮ್ಯೂಟೆಂಟ್, ಗ್ರೇಡ್ 2’. ಗ್ರೇಡ್ 2 ಅಂದರೆ ಎರಡನೇ ಸ್ಟೇಜಾ? ಮ್ಯೂಟೆಂಟ್ ಅಂತ ಓದಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಸರ್ಜನ್ “ಕಂಡದ್ದೆಲ್ಲ ತೆಗೆದಿದ್ದೀವಿ” ಅಂದರು. ಇನ್ನೊಬ್ಬ ಡಾಕ್ಟರು “ಪೂರ್ತಿ ಹೋಗಿದೆ ಅಂತ ಹೇಳಕ್ಕಾಗಲ್ಲ” ಅಂದರು. ಯಾರನ್ನ ನಂಬಲಿ?
– ತುಮಕೂರು

ಇಬ್ಬರನ್ನೂ ನಂಬಿ. ಇಬ್ಬರೂ ಸರಿ. ಜಗಳ ಇರೋದು ನಮ್ಮ ‘ಗಡ್ಡೆ’ ಅನ್ನೋ ಪದದಲ್ಲಿ.

ಗಡ್ಡೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಗೆಣಸು, ಆಲೂಗಡ್ಡೆ. ಮಣ್ಣು ಬೇರೆ, ಗೆಣಸು ಬೇರೆ. ಅಗೆದು ಕಿತ್ತರೆ ಕೈಗೆ ಬರುತ್ತದೆ, ಗುಂಡಿ ಖಾಲಿ. ಮೆನಿಂಜಿಯೋಮಾಕ್ಕೆ ಈ ಚಿತ್ರ ಹೊಂದುತ್ತದೆ. ಆಸ್ಟ್ರೋಸೈಟೋಮಾಕ್ಕೆ ಹೊಂದಲ್ಲ. ಅದು ಗರಿಕೆ. ಹೊಲದಲ್ಲಿ ಒಂದು ಕಡೆ ದಟ್ಟವಾಗಿ ಕಾಣುತ್ತದೆ, ಅಷ್ಟನ್ನು ಕೆತ್ತಿ ತೆಗೆಯಬಹುದು. ಅದರ ಎಳೆಗಳು ಮಾತ್ರ ಕಾಣದ ಹಾಗೆ ಆಚೆಗೂ ಹೋಗಿರುತ್ತವೆ, ಒಳ್ಳೆಯ ಮಣ್ಣಿನೊಳಗೇ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಐಡಿಎಚ್ ಬದಲಾವಣೆ ಇರುವ ಜೀವಕೋಶಕ್ಕೆ ಮಾತ್ರ ಹಿಡಿಯುವ ಒಂದು ಕಂದು ಬಣ್ಣದ ಪರೀಕ್ಷೆ ಇದೆ. ಗಡ್ಡೆಯ ಅಂಚಿನಿಂದ ಆಚೆ ತೆಗೆದ ಚೂರು, ನೋಡಿದರೆ ಮಾಮೂಲಿ ಮೆದುಳು, ತಿಳಿನೀಲಿ. ಬಣ್ಣ ಹಾಕಿ ನೋಡಿದರೆ ಅಲ್ಲೊಂದು ಇಲ್ಲೊಂದು ಕಂದು ಕೋಶ, ಕಾಫಿ ಪುಡಿ ಚೆಲ್ಲಿದ ಹಾಗೆ. ಎಂಆರ್‌ಐ ಕಣ್ಣಿಗೆ ಅದು ಬೀಳಲ್ಲ. ಸರ್ಜನ್ ಕಣ್ಣಿಗಂತೂ ಇಲ್ಲವೇ ಇಲ್ಲ. 1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ ಇಂಥ ಗಡ್ಡೆ ಇದ್ದವರ ಮೆದುಳಿನ ಬಲ ಅರ್ಧಭಾಗವನ್ನೇ ತೆಗೆದು ನೋಡಿದರು. ಅಷ್ಟು ಮಾಡಿದರೂ ಗಡ್ಡೆ ಮರಳಿ ಬಂತು. ಅದಕ್ಕೇ ಈಗ ಯಾರೂ ‘ಬೇರು ಸಮೇತ’ ಅನ್ನೋ ಮಾತು ಆಡಲ್ಲ. ಮಾತು, ಕೈಕಾಲು ಉಳಿಸಿಕೊಂಡು ಎಷ್ಟಾಗುತ್ತೋ ಅಷ್ಟು ತೆಗೆಯುತ್ತಾರೆ.

ಇನ್ನು ಹೆಸರು. ಮೆದುಳಿನಲ್ಲಿ ನರಕೋಶಗಳಿಗೆ ಆಸರೆ ಕೊಡುವ ಕೋಶಗಳಿವೆ, ಅವಕ್ಕೆ ಗ್ಲಯಾ ಅಂತಾರೆ. ಗ್ರೀಕ್ ಭಾಷೆಯಲ್ಲಿ ಅಂಟು, ಗೋಂದು ಅಂತ ಅರ್ಥ. ಅದರಿಂದ ಬಂದ ಗಡ್ಡೆಗಳೆಲ್ಲ ಗ್ಲಯೋಮಾ. ಅದರಲ್ಲಿ ನಕ್ಷತ್ರದ ಆಕಾರದ ಕೋಶವನ್ನು ಹೋಲುವುದು ಆಸ್ಟ್ರೋಸೈಟೋಮಾ. ಕಡಿಮೆ ಕೊಂಬೆಯ ಕೋಶವನ್ನು ಹೋಲುವುದು ಆಲಿಗೋಡೆಂಡ್ರೋಗ್ಲಯೋಮಾ. ಹೆಸರು ಉದ್ದವಾದಷ್ಟೂ ರೋಗ ದೊಡ್ಡದು ಅಂದುಕೊಳ್ಳಬೇಡಿ. ಈ ಉದ್ದ ಹೆಸರಿನದ್ದು ಆಸ್ಟ್ರೋಸೈಟೋಮಾಕ್ಕಿಂತ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಸ್ಟೇಜ್ ಅಂದರೆ ಕಾಯಿಲೆ ಎಷ್ಟು ದೂರ ಹೋಗಿದೆ ಅಂತ. ಮೆದುಳಲ್ಲೇ ಹುಟ್ಟಿದ ಗಡ್ಡೆ ಮೆದುಳು-ಬೆನ್ನುಹುರಿ ಬಿಟ್ಟು ಆಚೆ ಹೋಗೋದು ತೀರಾ ಅಪರೂಪ. ಹಾಗಾಗಿ ಎದೆಯ ಕ್ಯಾನ್ಸರಿಗೆ ಹೇಳುವ ಹಾಗೆ ಇಲ್ಲಿ ಒಂದು, ಎರಡು, ಮೂರನೇ ಸ್ಟೇಜು ಅಂತ ಹೇಳಲ್ಲ. ಗ್ರೇಡ್ ಅಂದರೆ ಅದರ ಸ್ವಭಾವ, ಎಷ್ಟು ಬಿರುಸು ಅಂತ. 1ರಿಂದ 4. ಮೊದಲು ರೋಮನ್ ಅಂಕಿಯಲ್ಲಿ ಬರೆಯುತ್ತಿದ್ದೆವು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬದಲಾಯಿಸಿ ಮಾಮೂಲಿ ಅಂಕಿಗೆ ತಂದಿತು. ರೋಮನ್ನಿನಲ್ಲಿ ಎರಡಕ್ಕೂ ಮೂರಕ್ಕೂ ಒಂದೇ ಒಂದು ಗೆರೆಯ ವ್ಯತ್ಯಾಸ ಅಲ್ವಾ? ಟೈಪ್ ಮಾಡುವಾಗ ಒಂದು ಗೆರೆ ತಪ್ಪಿದರೆ ಒಬ್ಬರ ಚಿಕಿತ್ಸೆಯೇ ಬದಲಾಗುತ್ತದೆ.

ಈಗ ನಿಮ್ಮ ನಿದ್ದೆ ಕೆಡಿಸಿದ ಪದ. ಐಡಿಎಚ್ ಒಂದು ಜೀನ್. ಅದು ಬದಲಾಗಿದ್ದರೆ ಮ್ಯೂಟೆಂಟ್. ಗ್ಲಯೋಮಾದಲ್ಲಿ ಆ ಬದಲಾವಣೆ ಇರೋದು ಒಳ್ಳೆಯ ಸುದ್ದಿಯ ಕಡೆಗೇ. ಅಂಥ ಗಡ್ಡೆಗಳು ನಿಧಾನ, ಚಿಕಿತ್ಸೆಗೂ ಚೆನ್ನಾಗಿ ಬಗ್ಗುತ್ತವೆ. ಬದಲಾಗದೆ ಹುಟ್ಟಿದ ಹಾಗೇ ಇದ್ದರೆ ‘ವೈಲ್ಡ್ ಟೈಪ್’ ಅಂತಾರೆ. ಇದನ್ನು ‘ಕಾಡು ಗಡ್ಡೆ’ ಅಂತ ಕನ್ನಡಕ್ಕೆ ತಂದವರ ಪತ್ರವೂ ಈ ರಾಶಿಯಲ್ಲಿದೆ. ಅದರಲ್ಲಿ ಕಾಡೂ ಇಲ್ಲ, ಮೃಗವೂ ಇಲ್ಲ. ಈ ಎರಡು ಪದಗಳನ್ನು ಇಟ್ಟವರು ರೋಗಿಯ ಹೆಂಡತಿ ರಾತ್ರಿ ಒಬ್ಬಳೇ ಕೂತು ಓದುತ್ತಾಳೆ ಅಂತ ಯೋಚಿಸಿರಲಿಲ್ಲ ಅನ್ನೋದು ನನ್ನ ತಕರಾರು. ಆಮೇಲೆ ನಾನೂ ಅದನ್ನೇ ನಕಲು ಹೊಡೆದು ವರ್ಷಗಟ್ಟಲೆ ಸಹಿ ಹಾಕಿದೆ.

ಗ್ರೇಡ್ 2 ನಿಧಾನದ್ದು ನಿಜ. ಆದರೆ ವರ್ಷಗಳು ಕಳೆದಂತೆ ಮೇಲಿನ ಗ್ರೇಡಿಗೆ ಏರಬಹುದು. ಹಾಗಾಗಿ ಹೇಳಿದ ತಿಂಗಳಿಗೆ ಸರಿಯಾಗಿ ಎಂಆರ್‌ಐ ಆಗಬೇಕು, ಎಷ್ಟೇ ಆರಾಮಿದ್ದರೂ. ಮನೆಯಲ್ಲಿ ಯಾವ ಹಬ್ಬವಿದ್ದರೂ.

ಪ್ರಶ್ನೆ: ಆಪರೇಷನ್ ನಡೆಯುವಾಗ ಹೊರಗೆ ಬಂದು “ಲೋ ಗ್ರೇಡ್ ಥರ ಇದೆ” ಅಂದರು. ನಾವು ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಹತ್ತು ದಿನ ಬಿಟ್ಟು ‘ಗ್ಲಯೋಬ್ಲಾಸ್ಟೋಮಾ, ಗ್ರೇಡ್ 4’ ಅಂತ ರಿಪೋರ್ಟು ಬಂತು. ಸ್ಯಾಂಪಲ್ ಅದಲು ಬದಲಾಗಿರಬಹುದಾ? ‘ಎಂಜಿಎಂಟಿ ಮೆಥಿಲೇಟೆಡ್’ ಅಂದರೇನು?
– ಹಾವೇರಿ

ಅದಲು ಬದಲು ಅಂತ ಅನುಮಾನ ಬರೋದು ಸಹಜ. ಆದರೆ ಮೊದಲು ಎರಡೂ ಉತ್ತರ ಹೇಗೆ ಬಂದವು ನೋಡಿ.

ಆಪರೇಷನ್ ನಡುವೆ ಲ್ಯಾಬಿಗೆ ಬರೋದು ಸಾಸಿವೆ ಕಾಳಿನಷ್ಟು ಚೂರು. ಎರಡು ಗಾಜಿನ ನಡುವೆ ಇಟ್ಟು ಹಿಸುಕಿ, ಎಳೆದು, ಬಣ್ಣ ಹಾಕಿ ನೋಡುತ್ತೇವೆ. ಕಾಲು ಗಂಟೆಯೊಳಗೆ ಫೋನಿನಲ್ಲಿ ಉತ್ತರ ಹೇಳಬೇಕು, ಅಲ್ಲಿ ತಲೆ ತೆರೆದಿದೆ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅಂತಾರಲ್ಲ, ಗ್ಲಯೋಮಾದ ವಿಷಯದಲ್ಲಿ (ಗ್ಲಯೋಬ್ಲಾಸ್ಟೋಮಾ ಅದರಲ್ಲೇ ಬಿರುಸಾದ ಬಗೆ) ಆ ಮಾತು ಕೈಕೊಡುತ್ತದೆ. ಒಂದೇ ಪಾತ್ರೆಯಲ್ಲಿ ಒಂದು ಕಡೆ ಅಕ್ಕಿ, ಒಂದು ಕಡೆ ಗಂಜಿ. ಅಂಚಿನಲ್ಲಿ ಸೌಮ್ಯವಾಗಿ ಕಾಣುವುದು ನಡುವೆ ಸತ್ತು ಕೊಳೆತಿರಬಹುದು, ಹೊಸ ರಕ್ತನಾಳಗಳು ಗೊಂಚಲು ಗೊಂಚಲಾಗಿ ಎದ್ದಿರಬಹುದು. ಆ ಎರಡು ಗುರುತು ಕಂಡರೆ ಗ್ರೇಡ್ 4.

ಉಳಿದ ಚೂರುಗಳೆಲ್ಲ ಫಾರ್ಮಲಿನ್‌ನಲ್ಲಿ ನೆನೆದು, ಮೇಣದಲ್ಲಿ ಕೂತು, 4 ಮೈಕ್ರಾನ್ ತೆಳುವಾಗಿ ಕತ್ತರಿಸಿಕೊಂಡು ಬರುತ್ತವೆ. ಅಂದರೆ ಒಂದು ಮಿಲಿಮೀಟರನ್ನು 250 ಪದರ ಮಾಡಿದರೆ ಅದರಲ್ಲೊಂದು. ಆಮೇಲೆ ಜೀನ್ ಪರೀಕ್ಷೆಗಳು. ಹತ್ತು ದಿನ ಆಗೋದು ಅದಕ್ಕೇ. ಎರಡನೆಯ ಉತ್ತರವೇ ಕೊನೆಯ ಉತ್ತರ.

ಆದರೂ ಅನುಮಾನ ಉಳಿದರೆ ಸ್ಲೈಡು ಮತ್ತು ಬ್ಲಾಕ್ ಕೇಳಿ ತೆಗೆದುಕೊಂಡು ನಿಮ್ಹಾನ್ಸ್‌ನಂಥ ಕಡೆ ಮತ್ತೊಮ್ಮೆ ತೋರಿಸಿ. ಕೇಳಲು ಸಂಕೋಚ ಬೇಡ, ಯಾವ ಪೆಥಾಲಜಿಸ್ಟೂ ಬೇಜಾರು ಮಾಡಿಕೊಳ್ಳಬಾರದು.

ಬ್ಲಾಕ್ ಅಂದಾಗ ಒಬ್ಬರು ನೆನಪಾಗುತ್ತಾರೆ. ಧಾರವಾಡದ ಕಡೆಯವರು, ಮಗಳ ಬ್ಲಾಕ್ ಒಯ್ಯಲು ಬಂದಿದ್ದರು. ಕೌಂಟರಿನಲ್ಲಿ ಕೊಟ್ಟಿದ್ದನ್ನು ಹಿಡಿದುಕೊಂಡು ನನ್ನ ಕೋಣೆ ಹುಡುಕಿಕೊಂಡು ಬಂದರು. ಬೆರಳುದ್ದದ ಪ್ಲಾಸ್ಟಿಕ್ ಬಿಲ್ಲೆ, ಮೇಲೆ ಬಿಳಿ ಮೇಣ, ಮೇಣದೊಳಗೆ ಉಗುರಿನಷ್ಟು ಕಂದು ಚೂರು. “ಇಷ್ಟ ಏನ್ರೀ ಮೇಡಂ, ಆಕಿ ತಲ್ಯಾಗ ಇದ್ದದ್ದು?” ಅಂತ ಕೇಳಿದರು. ನಾನು ಯಾಂತ್ರಿಕವಾಗಿ, ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ ಅಂದೆ. ಏಪ್ರಿಲ್ ತಿಂಗಳು. ಸಂಜೆ ಮನೆಗೆ ಹೊರಟಾಗ ನೋಡಿದರೆ ಅವರು ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಕೂತಿದ್ದಾರೆ. ಬಿಲ್ಲೆ ಒದ್ದೆ ಟವೆಲಿನಲ್ಲಿ. “ಬಿಸಲು ಇಳದ ಮ್ಯಾಲ ಬಸ್ ಹತ್ತತೀನ್ರೀ” ಅಂದರು. ಮೇಣ ಕರಗಲು ಐವತ್ತು ಡಿಗ್ರಿಯ ಮೇಲೆ ಬೇಕು ಅಂತ ಬೆಳಿಗ್ಗೆಯೇ ಒಂದು ಮಾತು ಹೇಳಬಹುದಿತ್ತು ನಾನು. ಹೇಳಿರಲಿಲ್ಲ.

ಎಂಜಿಎಂಟಿ. ಗ್ಲಯೋಬ್ಲಾಸ್ಟೋಮಾಕ್ಕೆ 2005ರಿಂದ ನಡೆದು ಬಂದ ಕ್ರಮ ಅಂದರೆ ಆರು ವಾರ ರೇಡಿಯೇಷನ್, ಜೊತೆಗೆ ದಿನಾ ಟೆಮೋಜೋಲೋಮೈಡ್ ಎಂಬ ಗುಳಿಗೆ, ಆಮೇಲೆ ತಿಂಗಳಿಗೆ ಐದು ದಿನದಂತೆ ಅದೇ ಗುಳಿಗೆ. ಈ ಗುಳಿಗೆ ಗಡ್ಡೆಯ ಡಿಎನ್‌ಎ ಕೆಡಿಸುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡುವ ಮೇಸ್ತ್ರಿಯೇ ಎಂಜಿಎಂಟಿ. ‘ಮೆಥಿಲೇಟೆಡ್’ ಅಂದರೆ ಮೇಸ್ತ್ರಿಯ ಬಾಯಿ ಕಟ್ಟಿದೆ, ಗುಳಿಗೆ ಚೆನ್ನಾಗಿ ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ನಿಮ್ಮ ರಿಪೋರ್ಟಿನಲ್ಲಿ ಇದೊಂದು ಸಾಲು ಅನುಕೂಲದ್ದು.

ಎಷ್ಟು ದಿನ ಅಂತ ನೀವು ಕೇಳಿಲ್ಲ, ಆದರೆ ಪತ್ರದಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಈ ಕ್ರಮವನ್ನು ತಂದ 2005ರ ಪರೀಕ್ಷೆಯಲ್ಲಿ ಗುಳಿಗೆಯೂ ಸೇರಿ ಚಿಕಿತ್ಸೆ ಪಡೆದವರ ನಡುಮಟ್ಟದ ಆಯಸ್ಸು 14.6 ತಿಂಗಳು. ನಡುಮಟ್ಟ ಅಂದರೆ ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದರು ಅಂತಲೂ ಹೌದು. ನಾಲ್ವರಲ್ಲಿ ಒಬ್ಬರು ಎರಡು ವರ್ಷ ದಾಟಿದರು. ಕಠಿಣ ಕಾಯಿಲೆ, ಮುಚ್ಚಿಡಲ್ಲ. ಜಮೀನಿನ ಕಾಗದ, ಮಗಳ ಫೀಸು, ಏನಿದ್ದರೂ ಈಗಲೇ ಕೂತು ಮಾತಾಡಿಕೊಳ್ಳಿ. ರೋಗಿಯನ್ನೂ ಕೂರಿಸಿಕೊಂಡು.

ಪ್ರಶ್ನೆ: ಆರು ವರ್ಷದ ಹಿಂದೆ ಅತ್ತೆಗೆ ಸ್ತನ ಕ್ಯಾನ್ಸರ್ ಆಗಿ ವಾಸಿಯಾಗಿತ್ತು. ಈಗ ಮೆದುಳಿನಲ್ಲಿ ಮೂರು ಗಡ್ಡೆ, ‘ಮೆಟಾಸ್ಟಾಸಿಸ್’ ಅಂದಿದ್ದಾರೆ. ಒಬ್ಬರಿಗೇ ಎರಡು ಕ್ಯಾನ್ಸರ್ ಬರುತ್ತಾ?
– ಮಂಡ್ಯ

ಎರಡಲ್ಲ, ಒಂದೇ. ಹಳೆಯ ಊರಿನ ಕೋಶಗಳೇ ಹೊಸ ಊರಿನಲ್ಲಿ ಮನೆ ಮಾಡಿವೆ. ಮೆದುಳಲ್ಲಿದ್ದರೂ ಅದು ಸ್ತನ ಕ್ಯಾನ್ಸರೇ, ಔಷಧಿಯನ್ನೂ ಆ ಲೆಕ್ಕದಲ್ಲೇ ಆರಿಸುತ್ತಾರೆ. ಹಳೆಯ ಬಯಾಪ್ಸಿ ರಿಪೋರ್ಟು ಹುಡುಕಿ ಇಟ್ಟುಕೊಳ್ಳಿ, ಅದರಲ್ಲಿ ಇಆರ್, ಪಿಆರ್, ಹರ್-2 ಅಂತ ಬರೆದಿರುವ, ಯಾವ ಔಷಧಿ ಹಿಡಿಯಬಹುದು ಅಂತ ಹೇಳುವ ಸಾಲುಗಳು ಈಗ ಬೇಕಾಗುತ್ತವೆ. ದೊಡ್ಡವರ ಮೆದುಳಿನಲ್ಲಿ ಹುಟ್ಟುವ ಕ್ಯಾನ್ಸರಿಗಿಂತ ಹೀಗೆ ಬೇರೆ ಕಡೆಯಿಂದ ಬರುವುದೇ ಜಾಸ್ತಿ.

ಪ್ರಶ್ನೆ: ಮಗನಿಗೆ 7 ವರ್ಷ. ಎರಡು ತಿಂಗಳು ಬೆಳಿಗ್ಗೆ ಎದ್ದ ಕೂಡಲೇ ವಾಂತಿ. ಗ್ಯಾಸ್ ಅಂತ ಔಷಧಿ ಕೊಟ್ಟರು, ಸ್ಕೂಲಿಗೆ ಹೋಗದಿರಲು ನಾಟಕ ಅಂತ ನಾನೇ ಹೊಡೆದೆ. ಆಮೇಲೆ ನಡೆಯುವಾಗ ವಾಲತೊಡಗಿದ. ‘ಮೆಡುಲ್ಲೋಬ್ಲಾಸ್ಟೋಮಾ, ಗ್ರೇಡ್ 4’. ಗ್ರೇಡ್ 4 ಅಂದಮೇಲೆ ಏನೂ ಉಳಿದಿಲ್ಲವೇ?
– ಒಬ್ಬ ತಾಯಿ, ಕಾರ್ಕಳ

ಉಳಿದಿದೆ ಅಮ್ಮ, ಬಹಳ ಉಳಿದಿದೆ. ಗ್ರೇಡ್ 4 ಅನ್ನೋದು ಚಿಕಿತ್ಸೆ ಇಲ್ಲದೆ ಬಿಟ್ಟರೆ ಹೇಗೆ ನಡೆದುಕೊಳ್ಳುತ್ತದೆ ಅನ್ನೋದರ ಗುರುತು. ಚಿಕಿತ್ಸೆ ಕೊಟ್ಟರೆ ಏನಾಗುತ್ತೆ ಅಂತ ಅದು ಹೇಳಲ್ಲ. ಮೇಲಿನ ಹಾವೇರಿ ಪತ್ರದ ಗ್ರೇಡ್ 4ಕ್ಕೂ ನಿಮ್ಮ ಮಗನ ಗ್ರೇಡ್ 4ಕ್ಕೂ ಅಂಕಿ ಒಂದೇ, ದಾರಿ ಬೇರೆ ಬೇರೆ. ಮೆಡುಲ್ಲೋಬ್ಲಾಸ್ಟೋಮಾ ಅಂದರೆ ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ, ಹೆಚ್ಚಾಗಿ ಮಕ್ಕಳಿಗೆ ಬರುವ ಗಡ್ಡೆ. ಅದು ಬಿರುಸಾಗಿ ಬೆಳೆಯುತ್ತದೆ. ಬಿರುಸಾದ್ದಕ್ಕೇ ರೇಡಿಯೇಷನ್ನಿಗೆ, ಕೀಮೋಗೆ ಬೇಗ ಮಣಿಯುತ್ತದೆ. ಆಪರೇಷನ್ನಿನಲ್ಲಿ ಚೆನ್ನಾಗಿ ತೆಗೆದು, ಬೆನ್ನುಹುರಿಗೆ ಹರಡದೆ ಇದ್ದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಅದಕ್ಕೇ ಬೆನ್ನಿನ ಎಂಆರ್‌ಐ ಮಾಡಿಸಿ ಅನ್ನುತ್ತಾರೆ, ಬೇಡ ಅನ್ನಬೇಡಿ. ಈಗ ಇದರಲ್ಲೂ ಜೀನ್ ನೋಡಿ ನಾಲ್ಕು ಗುಂಪು ಮಾಡುತ್ತಾರೆ. ‘ಡಬ್ಲ್ಯೂಎನ್‌ಟಿ’ ಅಂತ ಬಂದರೆ ಅದು ಎಲ್ಲಕ್ಕಿಂತ ಒಳ್ಳೆಯ ಗುಂಪು. ನಿಮ್ಮ ಮಗನದು ಯಾವ ಗುಂಪು ಅಂತ ಕೇಳಿ.

ಹೊಡೆದದ್ದು. ಬೆಳಗಿನ ವಾಂತಿಯನ್ನು ಗ್ಯಾಸ್ ಅಂದ ಡಾಕ್ಟರು ಓದಿದವರು, ಅವರಿಗೇ ಹೊಳೆಯಲಿಲ್ಲ. ನಿಮಗೆ ಹೇಗೆ ಹೊಳೆಯಬೇಕಿತ್ತು? ಬೇರೆ ಓದುಗರಿಗಾಗಿ ಬರೆಯುತ್ತೇನೆ: ಮಕ್ಕಳಿಗೆ ವಾರಗಟ್ಟಲೆ ಬೆಳಗಿನ ವಾಂತಿ, ತಲೆನೋವು, ಜೊತೆಗೆ ನಡಿಗೆ ವಾಲುವುದು ಇದ್ದರೆ ಹೊಟ್ಟೆ ಬಿಟ್ಟು ತಲೆಯ ಕಡೆ ನೋಡಿಸಿ.

ಪ್ರಶ್ನೆ: ಮೊಬೈಲ್‌ನಿಂದ ಬರುತ್ತಾ?
– ಹನ್ನೊಂದು ಜನ, ಬೇರೆ ಬೇರೆ ಊರು

2011ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊಬೈಲ್ ತರಂಗಗಳನ್ನು ‘2ಬಿ’ ಪಟ್ಟಿಗೆ ಹಾಕಿತು. ಅಂದರೆ ‘ಇರಬಹುದೇನೋ, ಸಾಕ್ಷಿ ಸಾಲದು’ ಅನ್ನುವ ಪಟ್ಟಿ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಮೆದುಳಿನ ಗಡ್ಡೆಗೂ ಮೊಬೈಲಿಗೂ ನಂಟು ಕಾಣಲಿಲ್ಲ. ಮೊಬೈಲ್ ಕಡಿಮೆ ಮಾಡಲು ಬೇರೆ ನೂರು ಕಾರಣ ಇವೆ, ಇದು ಬೇಡ.

ಪ್ರಶ್ನೆ: ಅಪ್ಪನಿಗೆ ಆಪರೇಷನ್ ಆಗಿ ಒಂದು ತಿಂಗಳು. ಮುಖ ಗುಂಡಗೆ ಊದಿದೆ. ರಾತ್ರಿ ಎರಡಕ್ಕೆ ಎದ್ದು ಅವಲಕ್ಕಿ ಕೇಳ್ತಾರೆ. ಸಣ್ಣದಕ್ಕೂ ಸಿಟ್ಟು. ಶುಗರ್ 310. ಗಡ್ಡೆ ಮತ್ತೆ ಬೆಳೀತಿದೆಯಾ? ಮಾತ್ರೆ ಎಲ್ಲಾ ನಿಲ್ಲಿಸಿಬಿಡೋಣ ಅಂತ ಅಣ್ಣ ಹೇಳ್ತಿದ್ದಾನೆ.
– ಸಾಗರ

ಮಾತ್ರೆಯ ಚೀಟಿ ತೆಗೆದು ನೋಡಿ. ಡೆಕ್ಸಾಮೆಥಾಸೋನ್ ಅಂತ ಇರಬೇಕು. ಅದು ಸ್ಟೆರಾಯ್ಡ್, ಗಡ್ಡೆಯ ಸುತ್ತಲಿನ ಊತ ಇಳಿಸಲು ಕೊಡೋದು. ರಿಪೋರ್ಟಿನಲ್ಲಿ ‘ಇಡೀಮಾ’ ಅಂತ ಬರೆದಿರುತ್ತಾರಲ್ಲ, ಅದೇ ಊತ. ಒಂದೆರಡು ದಿನದಲ್ಲಿ ಜೀವ ಬಂದ ಹಾಗೆ ಮಾಡುತ್ತದೆ. ಅದಕ್ಕೆ ವಸೂಲಿಯೂ ಮಾಡುತ್ತದೆ: ಹಸಿವು, ದುಂಡು ಮುಖ, ನಿದ್ದೆಗೇಡು, ಶುಗರ್. ಸಿಟ್ಟು ಸ್ಟೆರಾಯ್ಡ್‌ನಿಂದಲೂ ಬರಬಹುದು, ಫಿಟ್ಸ್‌ಗೆ ಕೊಡುವ ಲೆವೆಟಿರಾಸಿಟಾಮ್‌ನಿಂದಲೂ ಬರಬಹುದು. ಗಡ್ಡೆಯೇ ಬೆಳೆದಿರಬೇಕು ಅಂತೇನಿಲ್ಲ.

ಅಣ್ಣನಿಗೆ ಹೇಳಿ, ಒಂದು ಮಾತ್ರೆಯನ್ನೂ ಸಡನ್ನಾಗಿ ನಿಲ್ಲಿಸುವ ಹಾಗಿಲ್ಲ. ಸ್ಟೆರಾಯ್ಡನ್ನು ಮೆಟ್ಟಿಲು ಇಳಿದ ಹಾಗೆ ಇಳಿಸಬೇಕು, ಇಲ್ಲದಿದ್ದರೆ ಬಿಪಿ ಬಿದ್ದು ಕುಸಿಯಬಹುದು. ಆದರೆ 310 ಇಟ್ಟುಕೊಂಡು ಮುಂದಿನ ತಾರೀಖಿನವರೆಗೆ ಕಾಯುವ ಹಾಗೂ ಇಲ್ಲ. ಚೀಟಿಯ ಮೇಲೆ ವಾರ್ಡಿನ ನಂಬರ್ ಇರುತ್ತದೆ. ಇವತ್ತೇ ಫೋನ್ ಮಾಡಿ, ಶುಗರ್ ಎಷ್ಟು, ಡೆಕ್ಸಾ ಎಷ್ಟು ಮಿಲಿಗ್ರಾಂ, ಎರಡನ್ನೂ ಹೇಳಿ. ಅವಲಕ್ಕಿ ಕೊಡಿ, ಬೆಲ್ಲ ಹಾಕಬೇಡಿ.